ಗೋಡೆಯೊಳಗಿನ ಕೈ

ನನ್ನ ಕೆಲಸ ಕೇಳೋದು. ಉತ್ತರ ಹೇಳೋದು ನನ್ನ ಕೆಲಸವಲ್ಲ, ತೀರ್ಪು ಕೊಡೋದಂತೂ ಮೊದಲೇ ಅಲ್ಲ. ನನ್ನ ಅವ್ವ ಕೇಳುತ್ತಿದ್ದಳು, ಅವಳ ಅವ್ವ ಕೇಳುತ್ತಿದ್ದಳು, ಈಗ ನಾನು ಕೇಳುತ್ತೇನೆ. ಊರಿನವರು ನನ್ನನ್ನು ಎದುರಿಗೆ ಅಜ್ಜಿ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೆ ಅನ್ನೋದೂ ನನಗೆ ಗೊತ್ತು, ಅದು ಇಲ್ಲಿ ಬೇಡ ಬಿಡಿ.

ನಮ್ಮೂರಿನ ನಡುವೆ ಕಬಡ್ಡಿ ಮೈದಾನ. ಮೈದಾನದ ನಡುವೆ ಸುಣ್ಣದ ಗೆರೆ. ಮೈದಾನದ ಮೂಡಲಿಗೆ ಒಂದು ಉದ್ದನೆಯ ಗೋಡೆ. ಗೋಡೆಯಲ್ಲಿ ಸಾಲಾಗಿ ತೂತುಗಳು, ಒಂದೊಂದೂ ಒಂದು ತೋಳು ಹಿಡಿಸುವಷ್ಟು. ಗೋಡೆಯ ಆ ಬದಿಗೆ ಬಾಗಿಲಿಲ್ಲದ, ಕಿಟಕಿಯಿಲ್ಲದ ಕೋಣೆಯೊಂದಿದೆ. ಅದು ನಮ್ಮೂರಿನ ಜೈಲು. ಅದರೊಳಗೆ ಮನುಷ್ಯರನ್ನು ಹಾಕುವುದಿಲ್ಲ. ಕೈಗಳನ್ನು ಹಾಕುತ್ತಾರೆ.

ಕಟ್ಟಳೆ ಒಂದೇ, ಮೊಲೆ ಬಿಡದ ಮಗುವಿಗೂ ಗೊತ್ತಿರುವಂಥದ್ದು. ಮೈದಾನದಲ್ಲಿ ಸೀಟಿ ಊದಿ ಆಟದ ತೀರ್ಪು ಕೊಡುವವನ ಮೇಲೆ ಯಾರು ಕೈ ಮಾಡಿದರೂ ಆ ಕೈ ಅವರದಲ್ಲ, ಗೋಡೆಯದು. ಹೊಡೆಸಿಕೊಂಡವನ ನೋವು ಆರುವ ತನಕ ಹೊಡೆದ ಕೈ ಗೋಡೆಯೊಳಗಿರಬೇಕು. ಮನುಷ್ಯ ಹೊರಗೇ ಇರುತ್ತಾನೆ. ಬಿಸಿಲಿಗೆ ಮುಖ ಮಾಡಿ ಕೂರಬಹುದು, ಹೆಂಡತಿ ತಂದದ್ದನ್ನು ಉಣ್ಣಬಹುದು, ಹೋಗಿಬರುವವರ ಜೊತೆ ಹರಟೆ ಹೊಡೆಯಬಹುದು. ಕೈ ಮಾತ್ರ ಭುಜದವರೆಗೆ ಆ ಕಡೆ, ಕತ್ತಲಲ್ಲಿ. ತೂತಿನ ಬಾಯಿಗೆ ಊರ ಹಿರಿಯ ಮರದ ಕೋಳ ಜಡಿಯುತ್ತಾನೆ.

ದಿನಾ ಬೆಳಿಗ್ಗೆ ನಾನು ಕಾಲು ತೊಳೆದು, ಕೋಲು ಹಿಡಿದು, ಸುಣ್ಣದ ಗೆರೆಗೆ ಬರುತ್ತೇನೆ. ಸೀಟಿಯವನು ಗೆರೆಯ ಮೇಲೆ ನಿಂತಿರುತ್ತಾನೆ. ಊರು ಸುತ್ತಲೂ ನಿಂತಿರುತ್ತದೆ. ನಾನು ಕೇಳುತ್ತೇನೆ, "ನೋವಿದೆಯೇನಪ್ಪಾ?" ಅವನು ಇದೆ ಅಂದರೆ ಗೋಡೆಯ ಬಳಿ ಹೋಗಿ ಇದೆ ಅನ್ನುತ್ತೇನೆ. ಇಲ್ಲ ಅಂದರೆ ಇಲ್ಲ ಅನ್ನುತ್ತೇನೆ, ಕೋಳ ಬಿಚ್ಚುತ್ತದೆ. ಹೊಡೆದವನನ್ನು ನಾನು ಮುಟ್ಟುವ ಹಾಗಿಲ್ಲ, ಹೊಡೆಸಿಕೊಂಡವನನ್ನೂ ಮುಟ್ಟುವ ಹಾಗಿಲ್ಲ, ಅವರ ಮನೆಯವರನ್ನೂ. ಮುಟ್ಟಿದರೆ ಒಂದು ಕಡೆಗೆ ವಾಲಿದ ಹಾಗೆ. ವಾಲಿದವಳ ಪ್ರಶ್ನೆಗೆ ಬೆಲೆ ಇಲ್ಲ.

ಹಿಂದೆಯೂ ಕೈಗಳು ಒಳಗೆ ಹೋಗಿವೆ. ಒಬ್ಬ ಸೀಟಿಯವನ ಕೊರಳಪಟ್ಟಿ ಹಿಡಿದೆಳೆದಿದ್ದ, ಮಾರನೇ ಬೆಳಿಗ್ಗೆಯೇ ಹೊರಗೆ ಬಂದ. ಇನ್ನೊಬ್ಬ ಕಲ್ಲು ಬೀರಿದ್ದ, ಹಣೆಯ ಗಾಯದ ಹಕ್ಕಳೆ ಉದುರುವ ತನಕ ಕೂತ. ಹೊರಗೆ ಬಂದ ಕೈ ಬುಟ್ಟಿ ಕವುಚಿಟ್ಟ ಜಾಗದ ಹುಲ್ಲಿನ ಹಾಗೆ ಬಿಳಿಚಿಕೊಂಡಿರುತ್ತದೆ. ಒಳಗೆ ಏನಿತ್ತು ಅಂತ ಯಾರನ್ನು ಕೇಳಿದರೂ ಬಾಯಿ ಬಿಡುವುದಿಲ್ಲ. ಆದರೆ ಮತ್ತೆ ಆ ಕೈ ಯಾರ ಮೇಲೂ ಏಳುವುದಿಲ್ಲ.

ಇನ್ನು ದಾಳಿಗಾರನ ವಿಷಯ. ನಮ್ಮೂರಿನ ಕಬಡ್ಡಿಯಲ್ಲಿ ಎದುರು ಪಾಳೆಯಕ್ಕೆ ನುಗ್ಗಿ ಬರುವವನು ಅವನು. ಊರಿಗೆಲ್ಲಾ ಮುದ್ದು. ಅವನು ಬೀದಿಯಲ್ಲಿ ಬಂದರೆ ಮುದುಕರು ಎದ್ದು ಜಾಗ ಬಿಡುತ್ತಿದ್ದರು, ಹೆಂಗಸರು ದೃಷ್ಟಿ ತೆಗೆಯುತ್ತಿದ್ದರು. ಅಷ್ಟು ಮುದ್ದು ಮಾಡಿದರೆ ಯಾರ ತಲೆ ತಿರುಗುವುದಿಲ್ಲ ಹೇಳಿ. ಅವನ ಹೆಂಡತಿ ಆಗ ತುಂಬಿದ ಬಸುರಿ. ಆಟ ನೋಡಲು ಬಂದು ಮೈದಾನದ ಅಂಚಿನಲ್ಲಿ ಕಾಲು ನೀಡಿ ಕೂತಿದ್ದಳು.

ಆಚೆ ಊರಿನವರ ಮೇಲೆ ಆಟ. ಕಡೆಯ ದಾಳಿ. ಇವನು ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಅನ್ನುತ್ತಾ ಒಳಗೆ ನುಗ್ಗಿದ, ಒಬ್ಬನನ್ನು ಮುಟ್ಟಿದ, ತಿರುಗುವಷ್ಟರಲ್ಲಿ ಅವರು ಕಾಲಿಗೆ ಬಿದ್ದರು. ಎಳೆದಾಡಿದರು. ಇವನು ಮಣ್ಣಲ್ಲಿ ತೆವಳಿ, ತೋಳು ಚಾಚಿ, ಬೆರಳ ತುದಿಯಿಂದ ಸುಣ್ಣದ ಗೆರೆ ಮುಟ್ಟಿದ. ಊರಿಗೆ ಊರೇ ಎದ್ದು ಕೂಗಿತು. ಆ ಕೂಗಿನಲ್ಲಿ ಸೀಟಿ ಕೇಳಿಸಿದ್ದು ತಡವಾಗಿ.

ಸೀಟಿಯವನು ಅವನ ಬಾಯಿಯ ಹತ್ತಿರವೇ ಕಿವಿ ಇಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಎದ್ದು ನಿಂತು ಹೇಳಿದ, "ಗೆರೆ ಮುಟ್ಟುವುದಕ್ಕೆ ಮುಂಚೆ ಉಸಿರು ಕಡಿಯಿತು."

"ಉಸಿರು ಕಡಿದದ್ದು ನಿನ್ನ ಕಿವಿಗೆ ಮಾತ್ರ ಕೇಳಿಸಿತೋ?" ಅಂದ ದಾಳಿಗಾರ.

"ಹೌದು, ನನ್ನ ಕಿವಿಗೆ ಮಾತ್ರ."

ಸುತ್ತಲಿಂದ ಊರು, ಬಿಡಬೇಡ, ಕೊಡು ಅವನಿಗೆ ಅಂತ ಕೂಗುತ್ತಿತ್ತು. ದಾಳಿಗಾರ ಕೊಟ್ಟ. ಬಲಗೈ ಬೀಸಿ, ಉಸಿರು ಕಡಿದದ್ದನ್ನು ಕೇಳಿದ ಆ ಕಿವಿಯ ಮೇಲೇ ಕೊಟ್ಟ. ಸೀಟಿಯವನು ಗೆರೆಯ ಮೇಲೆ ಬಿದ್ದ. ಕಿವಿಯಿಂದ ರಕ್ತ ಸಣ್ಣಗೆ ಇಳಿದು ಸುಣ್ಣಕ್ಕೆ ತಾಗಿತು.

ಹಿರಿಯ ಬಂದು ದಾಳಿಗಾರನ ಬಲಗೈ ಹಿಡಿದು ಗೋಡೆಗೆ ಕರೆದೊಯ್ದ. ಇವನು ಎದುರಾಡಲಿಲ್ಲ. ಇಷ್ಟೇ ಅಂದ, "ನೀವೇ ಕೂಗಿದ್ದು."

"ಕೂಗಿದ್ದು ಬಾಯಿ. ಬಾಯಿಗೆ ಕಟ್ಟಳೆಯಿಲ್ಲ. ಕೈ ಕೊಡು," ಅಂದ ಹಿರಿಯ.

ಮರುದಿನ ಬೆಳಿಗ್ಗೆ ನಾನು ಕೇಳಿದೆ. ಸೀಟಿಯವನು ಇದೆ ಅಂದ. ಕಿವಿಯೊಳಗೆ ಗುಂಯ್ ಅನ್ನುತ್ತಿದೆ, ಆ ಕಡೆ ತಲೆ ಹಾಕಿ ಮಲಗುವುದಕ್ಕೆ ಆಗುವುದಿಲ್ಲ ಅಂದ. ನಾನು ಗೋಡೆಗೆ ಹೋಗಿ ಇದೆ ಅಂದೆ. ಅದರ ಮರುದಿನವೂ ಇದೆ. ಅದರ ಮರುದಿನವೂ ಇದೆ.

ಕೂಸು ಹುಟ್ಟಿತು. ಅಲ್ಲಿಂದ ಶುರುವಾಯಿತು ನೋಡಿ ಸಂಕಟ. ನಮ್ಮೂರಲ್ಲಿ ಹುಟ್ಟಿದ ಕೂಸಿಗೆ ತಾನಾಗಿ ಹೆಸರು ಬರುವುದಿಲ್ಲ. ಹೆತ್ತ ತಂದೆ ಎರಡೂ ಕೈಯಲ್ಲಿ ಎತ್ತಿ, ಸೂರ್ಯನಿಗೆ ತೋರಿಸಿ, ಹೆಸರು ಕೂಗಬೇಕು. ಒಂದು ಕೈಯಲ್ಲಿ ಎತ್ತಿದರೆ ಅದು ಲೆಕ್ಕಕ್ಕಿಲ್ಲ. ಹೆಸರಿಲ್ಲದ ಕೂಸು ತಾಯಿಯ ಹೊಸ್ತಿಲು ಬಿಟ್ಟು ಬೇರೆ ಯಾರ ಹೊಸ್ತಿಲನ್ನೂ ದಾಟುವ ಹಾಗಿಲ್ಲ. ಕಾಯಿಲೆ ಬಿದ್ದು ಕೈ ಜಾರುವ ಹೊತ್ತಿಗೆ, ಏನಂತ ಕೂಗಿ ಹಿಂದಕ್ಕೆ ಕರೆಯೋದು? ಕರೆಯುವುದಕ್ಕೆ ಏನೂ ಇರುವುದಿಲ್ಲ.

ಬಾಣಂತಿ ಕೂಸನ್ನು ಗೋಡೆಯ ಹತ್ತಿರ ತಂದಳು. ದಾಳಿಗಾರ ಎಡಗೈಯಲ್ಲಿ ಅದರ ತಲೆ ಸವರಿದ. ಬಲಗೈಯನ್ನು ಎಳೆದು ನೋಡಿದ, ಕೋಳ ಅಲುಗಲಿಲ್ಲ. ಆ ಹೊತ್ತು ನಾನು ಇದೆ ಅಂತ ಹೇಳಲು ಅಲ್ಲೇ ನಿಂತಿದ್ದೆ. ನನ್ನ ಮುಖ ನೋಡದೆ ಮೆಲ್ಲಗೆ ಅಂದ, "ಉಸಿರು ಕಡಿದಿತ್ತು ಅಜ್ಜಿ. ಗೆರೆಗೆ ಒಂದು ಗೇಣು ಇದ್ದಾಗಲೇ ಕಡಿದಿತ್ತು. ಅವನಿಗೆ ಹೇಗೆ ಕೇಳಿಸಿತೋ."

"ಈಗ ಹೇಳ್ತೀಯಲ್ಲೋ," ಅಂದೆ. ಕೋಲು ಊರಿಕೊಂಡು ಮನೆಗೆ ನಡೆದೆ.

ಹೆಂಡತಿ ಸೀಟಿಯವನ ಮನೆಗೆ ಹೋದಳು. ಕೂಸು ಹೊಸ್ತಿಲು ದಾಟುವಂತಿಲ್ಲವಲ್ಲ, ಅದನ್ನು ಎತ್ತಿಕೊಂಡು ಹೊರಗೇ ನಿಂತಳು. ಸೀಟಿಯವನೇ ಅಂಗಳಕ್ಕೆ ಬಂದ. ಏನು ಮಾತಾಯಿತು ಅಂತ ಬೀದಿಗೆಲ್ಲಾ ಕೇಳಿಸಿತು, ಅವಳೇನು ಗುಟ್ಟಾಗಿ ಮಾತಾಡಲಿಲ್ಲ.

"ಅಣ್ಣಾ, ನಾಳೆ ಒಂದು ದಿನ ಇಲ್ಲ ಅನ್ನಿ. ಒಂದು ಮಾತು. ಇದಕ್ಕೆ ಹೆಸರಾಗಲಿ. ಆಮೇಲೆ ಬೇಕಾದರೆ ನನ್ನ ಕೈ ಹಾಕಿಸಿ."

"ತಾಯಿ, ನೋವು ನಿಂತರೆ ಆ ಕ್ಷಣ ಹೇಳ್ತೀನಿ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡ್ಕೋತೀನಿ, ನಿಂತಿದೆಯಾ ಅಂತ."

"ನಿಂತಿದೆ ಅಂತ ಹೇಳೋಕೆ ಏನು ಕಷ್ಟ ನಿಮಗೆ?"

"ನಾನು ಒಂದು ಸುಳ್ಳು ಹೇಳಿದರೆ ಆ ಮೈದಾನದಲ್ಲಿ ನಾನು ಊದಿದ ಸೀಟಿಯೆಲ್ಲಾ ಸುಳ್ಳಾಗುತ್ತೆ ಕಣಮ್ಮ. ನಿನ್ನ ಗಂಡ ಗೆದ್ದ ಆಟಗಳೂ ಸುಳ್ಳಾಗುತ್ತವೆ. ಅವನು ಗೆದ್ದ ಅಂತ ಹೇಳಿದ್ದೂ ನಾನೇ ಅಲ್ಲವಾ."

ಅವಳು ಅಲ್ಲೇ ಕುಸಿದು ಕೂತಳು. ಸೀಟಿಯವನೂ ಕೂತ. ಇಬ್ಬರೂ ಅಳುತ್ತಿದ್ದರು ಅಂತ ನೋಡಿದವರು ಹೇಳಿದರು.

ಅವತ್ತಿನಿಂದ ಊರು ಸೀಟಿಯವನ ಮೇಲೆ ತಿರುಗಿತು. ಯಾರೂ ಅವನ ಮೇಲೆ ಕೈ ಮಾಡಲಿಲ್ಲ, ಛೇ, ಅಷ್ಟು ಕಟ್ಟಳೆ ನಮ್ಮೂರಿನವರಿಗೂ ಗೊತ್ತು. ಕ್ಷೌರದವನು ಕತ್ತಿ ಮೊಂಡಾಗಿದೆ ಅಂದ. ಅಂಗಡಿಯವನು ಉಪ್ಪು ಮುಗಿದಿದೆ ಅಂದ, ಮೂಟೆಯ ಮೇಲೇ ಕೂತುಕೊಂಡು ಅಂದ. ಅವನು ಬಂದರೆ ಜಗಲಿಗಳು ಖಾಲಿಯಾಗುತ್ತಿದ್ದವು. ಎದುರಿಗೆ ಸಿಕ್ಕವರು, ಪಾಪ ಆ ಕೂಸು, ಅಂತ ಗಾಳಿಗೆ ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಅವನು ದಾಟಿಹೋದ ಮೇಲೆ ಯಾರೋ ಗುಂಯ್ ಅನ್ನುತ್ತಿದ್ದರು, ಉಳಿದವರು ನಗುತ್ತಿದ್ದರು. ಎಲ್ಲರೂ ಒಳ್ಳೆಯವರೇ. ಎಲ್ಲರೂ ಕೂಸಿಗಾಗಿಯೇ ಮಾಡಿದ್ದು.

ನಾನು ದಿನಾ ಕೇಳುತ್ತಿದ್ದೆ. ಅವನ ಗಡ್ಡ ಬೆಳೆಯಿತು, ಬಟ್ಟೆ ಮಾಸಿತು, ಮುಖ ಒಣಗಿತು. ಸುಣ್ಣದ ಗೆರೆಯ ಮೇಲೆ ಮಾತ್ರ ಮೊದಲಿನ ಹಾಗೆಯೇ ನೆಟ್ಟಗೆ ನಿಲ್ಲುತ್ತಿದ್ದ. ಇದೆ ಅನ್ನುತ್ತಿದ್ದ. ಊರು ಹಲ್ಲು ಕಡಿಯುತ್ತಿತ್ತು.

ಒಂದು ಮಳೆಗಾಲ ಕೂಸಿಗೆ ಜ್ವರ ಬಂತು. ಮೈ ಕೆಂಡ. ಕಣ್ಣು ಮೇಲಾಯಿತು. ತಾಯಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬಾ ಬಾ ಅನ್ನುತ್ತಿದ್ದಳು. ಯಾರನ್ನು ಬಾ ಅನ್ನುವುದು? ನಾನು ಅವಳ ಅಂಗಳದಲ್ಲಿ ನಿಂತು ನೋಡಿದೆ, ಒಳಗೆ ಹೋಗಿ ಮುಟ್ಟುವ ಹಾಗಿರಲಿಲ್ಲ. ಬಾ, ಏ ನೀನು, ಬಾ. ಅಷ್ಟೇ ಅವಳ ಬಾಯಲ್ಲಿ. ಹೇಗೋ ಕೂಸು ಉಳಿಯಿತು. ಆದರೆ ಜ್ವರ ಬಿಟ್ಟ ಬೆಳಿಗ್ಗೆ ಅವಳು ಬಾವಿಗೆ ಹೋದಾಗ ಸೀಟಿಯವನು ಬರೀ ಕೊಡ ಹಿಡಿದು ಬರುವುದನ್ನು ನೋಡಿದಳು. ಬಾವಿಗೆ ಇಳಿಬಿಟ್ಟಿದ್ದ ತನ್ನ ಹಗ್ಗವನ್ನು ಸರಸರ ಎಳೆದು, ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಹೊರಟುಹೋದಳು. ಬಾವಿಯಲ್ಲಿ ಬೇರೆ ಹೆಂಗಸರಿದ್ದರು, ಅವರೂ ತಂತಮ್ಮ ಹಗ್ಗ ಎಳೆದುಕೊಂಡರು. ಸೀಟಿಯವನು ಖಾಲಿ ಕೊಡ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು ಹಿಂತಿರುಗಿದ.

ಮರುದಿನ ನಾನು ಗೆರೆಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಸೀಟಿ ಮಾತ್ರ ಗೆರೆಯ ಮೇಲೆ ಬಿದ್ದಿತ್ತು.

ಊರಿಗೆ ಮೊದಲು ಸಂತೋಷವೇ ಆಯಿತು. ಅವನು ಹೋದ ಮೇಲೆ ನೋವೂ ಹೋಯಿತು, ಕೋಳ ಬಿಚ್ಚಿ ಅಂದರು. ಹಿರಿಯ ತಲೆ ಅಲ್ಲಾಡಿಸಿದ. ಇಲ್ಲ ಅಂತ ಅವನ ಬಾಯಿಂದಲೇ ಬರಬೇಕು, ಬಾರದಿದ್ದರೆ ಕೈ ಅಲ್ಲೇ ಇರಬೇಕು ಅಂದ. ಇದನ್ನು ಯಾರೂ ಯೋಚಿಸಿರಲಿಲ್ಲ. ಅವನನ್ನು ಓಡಿಸುವುದರಲ್ಲಿ ಎಲ್ಲರೂ ಅಷ್ಟು ಮುಳುಗಿದ್ದರು.

ಆಟವೂ ನಿಂತಿತು. ಹಿರಿಯ ಸೀಟಿಯನ್ನು ಮನೆಮನೆಗೆ ಹಿಡಿದುಕೊಂಡು ಹೋದ. ಬೇಡಪ್ಪಾ, ನಮಗೆ ಎರಡೂ ಕಿವಿ ಬೇಕು ಅಂದರು. ಮೈದಾನದಲ್ಲಿ ಮುಳ್ಳುಗಿಡ ಎದ್ದಿತು. ಹುಡುಗರು ತೊಡೆ ತಟ್ಟುವುದನ್ನು ಮರೆತರು. ಗೋಡೆಯ ಬುಡದಲ್ಲಿ ದಾಳಿಗಾರನ ಬಲಭುಜ ಬತ್ತಿ ಎಡಭುಜಕ್ಕಿಂತ ಚಿಕ್ಕದಾಯಿತು. ಕೂಸು ತೆವಳಿತು, ನಿಂತಿತು, ಗೋಡೆ ಹಿಡಿದು ನಡೆಯಿತು. ಅದಕ್ಕೆ ಹೆಸರಿರಲಿಲ್ಲ.

ಆಗ ನಾನು ಹೊರಟೆ. ನನ್ನ ಕೆಲಸ ಕೇಳೋದು, ಎಲ್ಲಿ ಕೇಳಬೇಕು ಅಂತ ಯಾರೂ ಹೇಳಿಲ್ಲ. ಹೊಳೆ ದಾಟಿದೆ. ಗುಡ್ಡ ದಾಟಿದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲಾ ವಿಚಾರಿಸಿದೆ. ನನ್ನ ಮಂಡಿ ನನ್ನನ್ನು ಬೈಯುತ್ತಿತ್ತು, ನಾನು ಊರನ್ನು ಬೈಯುತ್ತಿದ್ದೆ. ಕಡೆಗೆ ಒಂದು ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ಕೂತು ಹಕ್ಕಿ ಓಡಿಸುತ್ತಿದ್ದವನನ್ನು ಕಂಡೆ. ಅವನೇ. ಮೈ ತುಂಬಿಕೊಂಡಿದ್ದ. ಗಡ್ಡ ತೆಗೆಸಿದ್ದ.

"ಅಜ್ಜೀ," ಅಂದು ಇಳಿದು ಬಂದ. ನೀರು ತಂದುಕೊಟ್ಟ. ಮುಟ್ಟುವ ಹಾಗಿಲ್ಲ ಅಂತ ತಂಬಿಗೆಯನ್ನು ನೆಲದ ಮೇಲಿಟ್ಟ. ನಾನು ಕುಡಿದೆ.

"ಕಿವಿ ಹೇಗಿದೆಯಪ್ಪಾ?"

"ಹೊಳೆ ದಾಟಿದ ಮೇಲೆ ಗುಂಯ್ ಅನ್ನೋದು ಕಡಿಮೆಯಾಯ್ತು. ಈಗ ಪೂರ್ತಿ ನಿಂತಿದೆ. ಗಿಳಿ ಯಾವ ಕಡೆಯಿಂದ ಬರ್ತವೆ ಅಂತ ಕಣ್ಮುಚ್ಚಿ ಹೇಳಬಲ್ಲೆ."

ನನಗೆ ಕಾಲಿನ ನೋವೆಲ್ಲಾ ಮರೆತುಹೋಯಿತು. ಸದ್ಯ, ಕೂಸು ಗೆದ್ದಿತು ಅಂದುಕೊಂಡೆ. ಕೋಲು ಊರಿ ಎದ್ದು ನಿಂತೆ. ಗೆರೆಯ ಮೇಲೆ ಕೇಳುವ ಹಾಗೆಯೇ ಕೇಳಿದೆ, "ನೋವಿದೆಯೇನಪ್ಪಾ?"

ಅವನು ಹೊಲದ ಕಡೆ ನೋಡಿದ.

"ಇದೆ," ಅಂದ.

ನನಗೆ ಸಿಟ್ಟು ನೆತ್ತಿಗೇರಿತು. ಕೇಳುವವಳು ಎರಡನೇ ಮಾತು ಆಡಬಾರದು, ಆಡಿಬಿಟ್ಟೆ. "ನಾಲಿಗೆ ಹೇಗೆ ಹೊರಳ್ತೋ ನಿಂಗೆ? ಈಗಷ್ಟೇ ಪೂರ್ತಿ ನಿಂತಿದೆ ಅಂದೆಯಲ್ಲ. ಆ ಕೂಸು ನಡೆಯೋಕೆ ಶುರುಮಾಡಿದೆ. ಕರೆಯೋಕೆ ಒಂದು ಹೆಸರಿಲ್ಲ ಅದಕ್ಕೆ."

"ಅವನ ಏಟು ವಾಸಿಯಾಯ್ತು ಅಜ್ಜಿ. ಅದರ ಗುರುತೂ ಇಲ್ಲ. ಆದರೆ ನೀನು ಕೇಳಿದ್ದು ಕಿವಿಯನ್ನಲ್ಲ, ನನ್ನನ್ನು. ಬಾವಿ ಹತ್ತಿರ ಖಾಲಿ ಕೊಡ ಹಿಡಿದು ನಿಂತದ್ದು ಕನಸಲ್ಲಿ ಬರುತ್ತೆ. ಉಪ್ಪಿಲ್ಲ ಅಂದದ್ದು ಬರುತ್ತೆ. ಹಿಂದಿನಿಂದ ನಕ್ಕದ್ದು ಬರುತ್ತೆ. ಅದು ವಾಸಿಯಾಗಿಲ್ಲ. ಆಗಿದೆ ಅಂತ ಹೇಗೆ ಹೇಳಲಿ?"

"ಕೂಸಿಗಾಗಿ ಹೇಳು."

"ಆ ಕೂಸಿಗೆ ನನ್ನ ಆಯಸ್ಸು ಕೊಡು ಅಂದರೆ ಕೊಡ್ತೀನಿ," ಅಂದ ಅವನು. "ಸುಳ್ಳು ಮಾತ್ರ ನನ್ನ ಹತ್ತಿರ ಇಲ್ಲ ಅಜ್ಜಿ. ಕೊಡೋಣ ಅಂತ ಎಷ್ಟು ಸಲ ಹುಡುಕಿದೆ, ಇಲ್ಲ."

ನಾನು ಬಂದ ದಾರಿಯಲ್ಲೇ ಹಿಂತಿರುಗಿದೆ. ಈ ಸಲ ಯಾರನ್ನೂ ಬೈಯುವ ಶಕ್ತಿ ಇರಲಿಲ್ಲ.

ಊರು ಗೋಡೆಯ ಮುಂದೆ ಸೇರಿತು. ನಾನು ಅವನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ದಾಳಿಗಾರ ಕಣ್ಣು ಮುಚ್ಚಿ ಕೇಳಿದ.

"ನನ್ನದು ವಾಸಿಯಾಯ್ತಾ?" ಅಂದ. "ಗುರುತೂ ಇಲ್ಲ ಅಂದನಾ?"

"ಅಂದ."

ಅವನು ತಲೆಯನ್ನು ಗೋಡೆಗೆ ಒರಗಿಸಿ ಮಕ್ಕಳ ಹಾಗೆ ಅತ್ತ. ಅಷ್ಟು ದಿನ ಅಲ್ಲಿ ಕೂತಿದ್ದವನು ಅತ್ತದ್ದನ್ನು ನಾನು ಅವತ್ತೇ ನೋಡಿದ್ದು. ಸುತ್ತಲಿದ್ದವರು, ಹಾಗಾದರೆ ಕೋಳ ಬಿಚ್ಚಿ, ಇವನದು ಮುಗಿಯಿತಲ್ಲ ಅಂದರು.

ಹಿರಿಯ ಶಾಲನ್ನು ಬಿಗಿಯಾಗಿ ಹೊದ್ದುಕೊಂಡು ಹೇಳಿದ, "ನೋವು ಇದ್ದಷ್ಟು ದಿನ ಗೋಡೆ ಖಾಲಿ ಇರಬಾರದು. ಈಗ ಇರುವ ನೋವು ಯಾರು ಕೊಟ್ಟದ್ದೋ ಅವರ ಕೈ ಒಳಗೆ ಹೋದರೆ ಇವನ ಕೈ ಹೊರಗೆ ಬರಬಹುದು. ಆದರೆ ಅವರೆಲ್ಲರದೂ ಹೋಗಬೇಕು. ಒಂದು ಕೈ ತಪ್ಪಿಸಿಕೊಂಡರೂ ಇವನದು ಬಿಚ್ಚುವ ಹಾಗಿಲ್ಲ."

"ಗೋಡೆ ಉದ್ದಕ್ಕಿದೆ, ಎಲ್ಲರಿಗೂ ಸಾಲುತ್ತೆ," ಅಂದೆ ನಾನು. "ಎಲ್ಲರೂ ಹಾಕಿದರು ಅಂತ ನಾನೇ ಹೋಗಿ ಅವನಿಗೆ ಹೇಳ್ತೀನಿ. ಕೇಳಿದರೆ ಅವನ ನೋವೂ ಆರೀತು. ಯಾರು ಬರ್ತೀರಿ?"

ಕ್ಷೌರದವನು ಅಂಗಡಿಯವನನ್ನು ನೋಡಿದ. ಅಂಗಡಿಯವನು ಬಾವಿಯ ಹೆಂಗಸರನ್ನು ನೋಡಿದ. ನಾವೇನು ಹೊಡೆದೆವಾ ಅಂತ ಯಾರೋ ಹಿಂದಿನಿಂದ ಗೊಣಗಿದರು. ಕತ್ತಿ ಮೊಂಡಾಗಿದ್ದರೆ ಅದು ನನ್ನ ತಪ್ಪಾ ಅಂದ ಕ್ಷೌರದವನು. ಉಳಿದವರು ಅದಕ್ಕೆ ತಲೆದೂಗಿದರು.

ದಾಳಿಗಾರನ ಹೆಂಡತಿ ಮುಂದೆ ಬಂದಳು. ಸೊಂಟದ ಮೇಲಿದ್ದ ಕೂಸನ್ನು ನೆಲಕ್ಕೆ ಇಳಿಸಿದಳು. "ಹಗ್ಗ ಮೊದಲು ಎಳೆದುಕೊಂಡದ್ದು ನಾನು, ಈ ಕೈಯಲ್ಲೇ," ಅಂದು ಗಂಡನ ಪಕ್ಕದ ತೂತಿನಲ್ಲಿ ಬಲಗೈ ತೂರಿಸಿದಳು. ಹಿರಿಯ ಶಾಲಿನಿಂದ ಕೈ ತೆಗೆದು, ಅವಳ ಭುಜಕ್ಕೆ ಕೋಳ ಜಡಿದು, ಮತ್ತೆ ಕೈಯನ್ನು ಶಾಲಿನೊಳಗೆ ಎಳೆದುಕೊಂಡ. ಅವಳು ಗೋಡೆಗೆ ಕೆನ್ನೆ ಒತ್ತಿ ನಿಂತು ಊರಿನ ಕಡೆ ನೋಡಿದಳು.

ಊರಿನ ಕೈಗಳು ಒಂದೊಂದಾಗಿ ಕಾಣೆಯಾದವು. ಕೆಲವರು ಕಂಕುಳಲ್ಲಿ ಸಿಗಿಸಿಕೊಂಡರು, ಕೆಲವರು ಬೆನ್ನ ಹಿಂದೆ ಕಟ್ಟಿಕೊಂಡರು. ಹೆಂಗಸರು ಸೆರಗಿನೊಳಗೆ ಸುತ್ತಿಕೊಂಡರು. ಹೊರಗೆ ತೆಗೆದರೆ ಎಲ್ಲಿ ಗೋಡೆ ಕೇಳುತ್ತದೋ ಅಂತ ಭಯ. ಎಲ್ಲರ ಮುಖದಲ್ಲೂ ಕರುಣೆ ಇತ್ತು, ಅದನ್ನು ಇಲ್ಲ ಅನ್ನಲಾರೆ.

ಕೂಸಿಗೆ ನಿಂತು ಸಾಕಾಯಿತು. ತಾಯಿಯ ಸೀರೆ ಎಳೆಯಿತು. ಅವಳು ಎಡಗೈಯೊಂದರಲ್ಲಿ ಎತ್ತಲು ನೋಡಿದಳು, ಕೋಳ ಬಗ್ಗಲು ಬಿಡಲಿಲ್ಲ. ತಂದೆ ತನ್ನ ಎಡಗೈ ಚಾಚಿದ, ಎಟುಕಲಿಲ್ಲ. ಅದು ನನ್ನ ಕಡೆ ತಿರುಗಿತು. ನಾನು ಮುಟ್ಟಿದರೆ ನಾಳೆಯಿಂದ ಕೇಳುವವರಿಲ್ಲ, ಕೇಳುವವರಿಲ್ಲದಿದ್ದರೆ ಆ ಇಬ್ಬರ ಕೈಯೂ ಎಂದೆಂದಿಗೂ ಹೊರಗೆ ಬರುವುದಿಲ್ಲ. ನಾನು ಕೋಲನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ಸರಿದೆ. ಅಷ್ಟು ಬೇಜಾರಿನ ಹೆಜ್ಜೆಯನ್ನು ನಾನು ಜೀವಮಾನದಲ್ಲಿ ಇಟ್ಟಿಲ್ಲ.

ಕೂಸು ತಪ್ಪುಹೆಜ್ಜೆ ಹಾಕುತ್ತಾ ಜನರ ಕಡೆ ನಡೆಯಿತು. ಹಿರಿಯನ ಮುಂದೆ ನಿಂತು, ಎತ್ತಿಕೋ ಅಂತ ಎರಡೂ ಕೈ ಮೇಲೆತ್ತಿತು. ಹಿರಿಯ ಶಾಲಿನೊಳಗೆ ಕೈ ಕಟ್ಟಿಕೊಂಡು ಆಕಾಶ ನೋಡಿದ. ಅದು ಅಂಗಡಿಯವನ ಮುಂದೆ ಹೋಗಿ ಎರಡೂ ಕೈ ಎತ್ತಿತು. ಅಂಗಡಿಯವನು ನೆಲ ನೋಡಿದ. ಅದಕ್ಕೆ ಏನೂ ಬೇಸರವಾದಂತೆ ಕಾಣಲಿಲ್ಲ. ಪಕ್ಕದವರ ಮುಂದೆ ಹೋಗಿ ನಿಂತು ಮತ್ತೆ ಎರಡೂ ಕೈ ಎತ್ತಿತು.